ತೊಂಬತ್ತರ ಮಗ್ಗಿ

ಇಪ್ಪತ್ತರವರೆಗೆ ಮಗ್ಗಿಯನ್ನು ಬಾಯಿಪಾಠ ಮಾಡಿದವನಿಗೆ ಲೌಕಿಕದಲ್ಲಿ ಯಾವ ಅಡಚಣೆಯೂ ಬಾರದೆಂದು ಹಿಂದಿನ ಮಾಸ್ತರರು ನಂಬಿದ್ದರು. ಕಿರಾಣಿ ಅಂಗಡಿಯ ಉದ್ದರಿ, ಅಡತಿಯ ತೂಕ, ಹಾಲಿನವಳ ಬಾಕಿ, ಇವೆಲ್ಲವೂ ಇಪ್ಪತ್ತರೊಳಗೇ ತೀರುತ್ತಿದ್ದುವು. ಅದೇ ನಂಬುಗೆಯಿಂದ ನಾನೂ ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಹುಡುಗರಿಗೆ ಮಗ್ಗಿಯನ್ನು ಹೇಳಿಕೊಟ್ಟವನು. ಆದರೆ ಈಚೆಗೆ ನಮ್ಮ ಬಾಗಲವಾಡದಲ್ಲಿ, ಹದಿಮೂರರ ಮಗ್ಗಿಗೇ ತಡವರಿಸುವ ವೃದ್ಧರು ಕೂಡ ತೊಂಬತ್ತರ ಮಗ್ಗಿಯನ್ನು ಒಂದಕ್ಷರ ತಪ್ಪದೆ ಒಪ್ಪಿಸುವುದನ್ನು ಕಂಡು ವಿಸ್ಮಿತನಾಗಿರುವೆನು. ತೊಂಬತ್ತೊಂದ್ಲ ತೊಂಬತ್ತು, ತೊಂಬತ್ತೆರಡ್ಲ ನೂರೆಂಬತ್ತು! ಇದನ್ನು ಯಾವ ಶಾಲೆಯೂ ಕಲಿಸಲಿಲ್ಲ. ಇದನ್ನು ಕಲಿಸಿದ ಗುರು ಅಮೆರಿಕಾದ ಡಾಲರು. ೧೯೬೬ರ ಜೂನ್ ತಿಂಗಳವರೆಗೆ ಐದು ರೂಪಾಯಿಯೊಳಗೆ ದೊರೆಯುತ್ತಿದ್ದ ಡಾಲರು, ಆ ತಿಂಗಳು ರೂಪಾಯಿಯ ಬೆಲೆಯನ್ನಿಳಿಸಿದ ಮೇಲೆ ಏಳೂವರೆಗೆ ಏರಿತು. ೨೦೨೫ರ ಡಿಸೆಂಬರಿನಲ್ಲಿ ತೊಂಬತ್ತನ್ನು ದಾಟಿತು. ಮಗನನ್ನೋ ಅಳಿಯನನ್ನೋ ಆ ದೇಶಕ್ಕೆ ಕಳುಹಿಸಿದ ಮನೆಗಳಲ್ಲಿ ಸಂಧ್ಯಾವಂದನೆ ತಪ್ಪಿದರೂ ಈ ಮಗ್ಗಿಯ ಪಾರಾಯಣ ತಪ್ಪುವುದಿಲ್ಲ. ಕಳುಹಿಸದವರ ಮನೆಗಳಲ್ಲಿಯಂತೂ ಅದು ಇನ್ನೂ ಗಟ್ಟಿಯಾಗಿ ನಡೆಯುವುದು.

ಡಾಲರೆಂಬ ಶಬ್ದದ ವ್ಯುತ್ಪತ್ತಿಯನ್ನು ವಾಚಕರು ಮೊದಲು ತಿಳಿದಿರುವುದು ಒಳ್ಳೆಯದು. ಹದಿನಾರನೆಯ ಶತಮಾನದಲ್ಲಿ ಬೊಹೀಮಿಯಾ ದೇಶದ ಯೋಆಖಿಮ್ಸ್‌ತಾಲ್ ಎಂಬ ಊರಿನ ಬೆಳ್ಳಿಯಿಂದ ನಾಣ್ಯಗಳನ್ನು ಅಚ್ಚು ಹಾಕುತ್ತಿದ್ದರು. ಊರಿನ ಹೆಸರಿನಿಂದ ನಾಣ್ಯಕ್ಕೆ ‘ತಾಲರ್’ ಎಂಬ ಹೆಸರಾಯಿತು. ತಾಲರು ನಾಲಗೆಯಿಂದ ನಾಲಗೆಗೆ ಸವೆದು ಡಾಲರಾಯಿತು. ‘ತಾಲ್’ ಎಂದರೆ ಆ ಭಾಷೆಯಲ್ಲಿ ಕಣಿವೆ. ನಾವು ಯಾವುದನ್ನು ಮೇರುಪರ್ವತವೆಂದು ಭಾವಿಸಿರುವೆವೋ ಅದು ಶಬ್ದಾರ್ಥದಲ್ಲಿ ಕಣಿವೆಯೇ ಆಗಿರುವುದು. ಏರುವವರು ಎಷ್ಟೋ ಮಂದಿ ಇಳಿಯುತ್ತಿರುವುದೇಕೆಂಬ ಸಂಶಯಕ್ಕೆ ವ್ಯಾಕರಣವು ಹೀಗೆ ಸಮಾಧಾನ ಹೇಳುವುದು.

ಸಾಲವು ನಮ್ಮ ಸೀಮೆಗೆ ಹೊಸತಲ್ಲ. ಕೃಷ್ಣಾ ತುಂಗಭದ್ರೆಗಳ ನಡುವಿನ ಈ ರಾಯಚೂರು ದೋಆಬೇ ಒಮ್ಮೆ ಒತ್ತೆ ಬಿದ್ದಿತ್ತೆಂಬುದನ್ನು ಎಷ್ಟು ಮಂದಿ ಬಲ್ಲರು? ಹೈದರಾಬಾದಿನ ನಿಜಾಮರು ಇಂಗ್ಲಿಷರ ಕಂಟಿಂಜೆಂಟ್ ಸೈನ್ಯದ ಖರ್ಚನ್ನು ಸಕಾಲದಲ್ಲಿ ಕೊಡಲಾರದೆ ಸಾಲಗಾರರಾದರು. ೧೮೫೩ರ ಒಪ್ಪಂದದಲ್ಲಿ ವರಾಡದೊಡನೆ ನಮ್ಮ ದೋಆಬನ್ನೂ ಇಂಗ್ಲಿಷರ ಕೈಗೆ ಒಪ್ಪಿಸಿದರು. ೧೮೫೭ರ ದಂಗೆಯ ಕಾಲದಲ್ಲಿ ನಿಜಾಮರು ತೋರಿದ ಸ್ನೇಹಕ್ಕೆ ಮೆಚ್ಚಿ, ೧೮೬೦ರಲ್ಲಿ ಇಂಗ್ಲಿಷರು ಸುಮಾರು ಐವತ್ತು ಲಕ್ಷ ರೂಪಾಯಿಗಳ ಸಾಲವನ್ನು ಬಿಟ್ಟುಕೊಟ್ಟು ದೋಆಬನ್ನು ಹಿಂದಿರುಗಿಸಿದರು. ಏಳು ವರ್ಷ ನಮ್ಮ ಹಿರಿಯರು ಒತ್ತೆಯ ಭೂಮಿಯಲ್ಲಿಯೇ ಜೋಳವನ್ನು ಬಿತ್ತಿ ಉಂಡರು. ರೊಟ್ಟಿಯ ರುಚಿಯೇನೂ ಕೆಡಲಿಲ್ಲ. ಇನ್ನು ಮಳೆ ಕೈಕೊಟ್ಟ ವರ್ಷ ದೇವದುರ್ಗ, ಮಾನವಿ, ಲಿಂಗಸೂಗೂರುಗಳ ಕೂಲಿಯವರು ಬೆಂಗಳೂರು, ಹೈದರಾಬಾದು, ಮುಂಬಯಿಗಳಿಗೆ ಗುಳೆ ಹೋಗುವುದನ್ನು ನಾವು ಹುಟ್ಟಿದಾರಭ್ಯ ನೋಡುತ್ತಿರುವೆವು. ಬಾಗಿಲಿಗೆ ಬೀಗ, ಹೊಸ್ತಿಲಲ್ಲಿ ಅಜ್ಜಿ, ಬಸ್ಸಿನ ಮೇಲೆ ಹಾಸಿಗೆಯ ಗಂಟು. ಅಮೆರಿಕಾಕ್ಕೆ ಹೋಗುವುದೂ ಗುಳೆಯೇ. ವಿಮಾನವೇರಿ ಹೋಗುವರೆಂಬುದೊಂದೇ ಭೇದ. ಬಸ್ಸಿನಲ್ಲಿ ಗುಳೆ ಹೋದವನನ್ನು ಊರು ಕನಿಕರದಿಂದ ನೆನೆಯುವುದು; ವಿಮಾನದಲ್ಲಿ ಗುಳೆ ಹೋದವನನ್ನು ತೊಂಬತ್ತರಿಂದ ಗುಣಿಸುವುದು.

ಈ ಗುಣಾಕಾರವು ಹೇಗೆ ನಡೆಯುವುದೆಂಬುದಕ್ಕೆ ಒಂದು ದೃಷ್ಟಾಂತ. ನನ್ನಲ್ಲಿ ಸಂಸ್ಕೃತವನ್ನೋದಿ ಮುಂದೆ ಯಂತ್ರವಿದ್ಯೆಯನ್ನು ಕಲಿತು ಆ ದೇಶಕ್ಕೆ ಹೋದ ಹುಡುಗನೊಬ್ಬನು, ನಾಲ್ಕು ವರ್ಷಗಳ ಮೇಲೆ ಊರಿಗೆ ಬಂದಾಗ ಅಗಸಿಯ ಕಟ್ಟೆಯ ಮೇಲೆ ಹಿರಿಯರ ಕೈಗೆ ಸಿಕ್ಕನು. ಕುಶಲಪ್ರಶ್ನೆ ಮುಗಿಯುವ ಮೊದಲೇ ಮುಖ್ಯಪ್ರಶ್ನೆ ಬಂದಿತು.

“ತಿಂಗಳಿಗೆ ಎಷ್ಟು ಪಗಾರ ಬರ್ತದ ತಮ್ಮಾ?”

“ಏಳು ಸಾವಿರ ಡಾಲರು, ಕಾಕಾ.”

ಕಟ್ಟೆಯ ಮೇಲೆ ಕ್ಷಣಕಾಲ ಮೌನ. ಒಳಗೊಳಗೇ ಮಗ್ಗಿ ನಡೆಯುತ್ತಿದ್ದಿತು. ಆಮೇಲೆ ನಾಲ್ಕು ಕಂಠಗಳು ಒಮ್ಮೆಗೇ ಉದ್ಗರಿಸಿದುವು: “ಆರು ಲಕ್ಷ ಮೂವತ್ತು ಸಾವಿರ!” ಕೂಡಲೇ ಆ ದ್ರವ್ಯದ ವಿನಿಯೋಗವೂ ಆರಂಭವಾಯಿತು. ಒಬ್ಬರು ಹನುಮಪ್ಪನ ಗುಡಿಗೆ ಶಿಖರವನ್ನೇರಿಸಿದರು; ಇನ್ನೊಬ್ಬರು ತಮ್ಮ ಮೊಮ್ಮಗನಿಗೆ ಟ್ರ್ಯಾಕ್ಟರನ್ನು ಕೊಡಿಸಿದರು. ಹುಡುಗನು ನಕ್ಕು, ಕಿಸೆಯಲ್ಲಿದ್ದ ಮದುವೆಯ ಕರೆಯೋಲೆಯ ಬೆನ್ನಿನ ಮೇಲೆ ಲೆಕ್ಕ ಬರೆದು ತೋರಿಸಿದನು. ತೆರಿಗೆಗೂ ವೃದ್ಧಾಪ್ಯದ ನಿಧಿಗೂ ೧,೬೦೦. ಮನೆಯ ಬಾಡಿಗೆ ೨,೨೦೦. ಕಾರಿನ ಕಂತು, ವಿಮೆ, ಎಣ್ಣೆ ಸೇರಿ ೯೦೦. ಹೆಂಡತಿ ಮಗುವನ್ನೊಳಗೊಂಡ ಆರೋಗ್ಯವಿಮೆಗೆ ೬೦೦. ದವಸ, ಹಾಲು, ಕಾಯಿಪಲ್ಯ, ಬಟ್ಟೆಬರೆಗೆ ೯೦೦. ವಿದ್ಯುತ್ತು, ದೂರವಾಣಿ ಮುಂತಾದುವಕ್ಕೆ ೩೫೦. ಊರಿನ ಬ್ಯಾಂಕಿಗೆ ಓದಿನ ಸಾಲದ ಕಂತು ೬೦೦. ಕೂಡಿಸಿದರೆ ೭,೧೫೦. ಬಂದದ್ದು ಏಳು ಸಾವಿರ. ಹೆಂಡತಿ ಎಂಜಿನಿಯರಾಗಿದ್ದರೂ, ಅವಳ ವೀಸಾದಲ್ಲಿ ದುಡಿಯಲು ಅನುಮತಿಯಿಲ್ಲ.

“ತಿಂಗಳಿಗೆ ನೂರೈವತ್ತು ಡಾಲರು ಕ್ರೆಡಿಟ್ ಕಾರ್ಡಿನ ಸಾಲ ಕಾಕಾ. ಇದನ್ನೂ ತೊಂಬತ್ತರಿಂದ ಗುಣಿಸ್ರಿ.”

ಹದಿಮೂರು ಸಾವಿರದ ಐನೂರು. ಯಾರೂ ಗುಣಿಸಲಿಲ್ಲ, ಎಲ್ಲರಿಗೂ ಒಮ್ಮೆಗೇ ಮಗ್ಗಿ ಮರೆತುಹೋಗಿದ್ದಿತು. ಕೊನೆಗೆ ಒಬ್ಬ ಹಿರಿಯರು, “ಹಂಗಾದ್ರ ಅಲ್ಲಿ ಯಾಕ ಇದ್ದೀಯೋ?” ಎಂದರು. ಹುಡುಗನು ಮೆಲ್ಲನೆ, “ಅಪ್ಪ ಕಾಲುವೆಯ ಹೊಲ ಬ್ಯಾಂಕಿಗೆ ಬರಕೊಟ್ಟಾನಲ್ರಿ ಕಾಕಾ, ಅದನ್ನ ಬಿಡಿಸೋತನಕ ಬರೋ ಹಂಗಿಲ್ಲ” ಎಂದನು. ಮಾತು ಅಲ್ಲಿಗೇ ನಿಂತಿತು.

ವಿಚಾರಣೀಯವಾದ ವಿಷಯವು ಇಲ್ಲಿರುವುದು. ವರಮಾನವನ್ನು ರೂಪಾಯಿಗೆ ತಿರುಗಿಸುವ ನಾವು ಖರ್ಚನ್ನು ಡಾಲರಿನಲ್ಲಿಯೇ ಬಿಟ್ಟುಬಿಡುವೆವು. ಅವನು ದುಡಿಯುವುದು ಅಮೆರಿಕಾದಲ್ಲಿ, ಉಣ್ಣುವುದು ಬಾಗಲವಾಡದಲ್ಲಿ ಎಂಬಂತೆ ನಮ್ಮ ಲೆಕ್ಕ. ಅಲ್ಲಿಯ ಜೀವನಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ತಿಳಿದರೆ ಈ ಭ್ರಮೆ ತಕ್ಕಮಟ್ಟಿಗೆ ಹರಿಯುವುದು. ಜೊತೆಗೆ ಒಂದಿಷ್ಟು ವಿನೋದವೂ ಆಗುವುದು.

ಅಲ್ಲಿಯ ಅಂಗಡಿಯಲ್ಲಿ ಸರಕಿನ ಮೇಲೆ ೯ ಡಾಲರು ೯೯ ಸೆಂಟು ಎಂದು ಚೀಟಿ ಅಂಟಿಸಿರುವುದು. ಹತ್ತು ಡಾಲರು ಹಿಡಿದು ಹೋದವನಿಗೆ ಅದು ಸಿಕ್ಕುವುದಿಲ್ಲ. ಏಕೆಂದರೆ ಬಹುತೇಕ ಸಂಸ್ಥಾನಗಳಲ್ಲಿ ಮಾರಾಟದ ತೆರಿಗೆಯನ್ನು ಹಣ ಕೊಡುವ ಕಟ್ಟೆಯಲ್ಲಿ ಆಮೇಲೆ ಕೂಡಿಸುವರು. ಚೀಟಿಯು ಪೂರ್ವಪಕ್ಷ, ರಸೀತಿಯು ಸಿದ್ಧಾಂತ! ಇನ್ನು ಆ ಒಂದು ಸೆಂಟಿನ ಕಥೆ. ೧೭೯೩ರಿಂದ ಅಚ್ಚಾಗುತ್ತ ಬಂದ ಆ ನಾಣ್ಯವನ್ನು ಮಾಡುವ ಖರ್ಚು ೨೦೦೬ರಲ್ಲಿಯೇ ಅದರ ಬೆಲೆಯನ್ನು ಮೀರಿತು. ಕಡೆಕಡೆಗೆ ಒಂದು ಸೆಂಟನ್ನು ಮಾಡುವುದಕ್ಕೆ ೩.೬೯ ಸೆಂಟು ತಗುಲುತ್ತಿದ್ದಿತು. ಒಂದನ್ನು ಮಾಡುವುದಕ್ಕೆ ಮೂರೂವರೆಗೂ ಮಿಕ್ಕು ಖರ್ಚು ಮಾಡುವ ವ್ಯಾಪಾರವನ್ನು ನಮ್ಮ ಸಂತೆಯ ಬಳೆಗಾರನು ಎರಡನೆಯ ವಾರಕ್ಕೇ ನಿಲ್ಲಿಸುತ್ತಿದ್ದನು. ಆ ಸರಕಾರವು ಸುಮಾರು ಇಪ್ಪತ್ತು ವರ್ಷ ಯೋಚಿಸಿ ೨೦೨೫ರ ನವೆಂಬರ್ ೧೨ರಂದು ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ನಿಲ್ಲಿಸಿತು. ಆದರೂ ಚೀಟಿಯ ಮೇಲಿನ ೯೯ ಹೋಗಲಿಲ್ಲ. ಎತ್ತು ಸತ್ತರೂ ಕೊರಳ ಗಂಟೆಯ ಸದ್ದು ಉಳಿದಂತಾಯಿತು.

ಖಾನಾವಳಿಯಲ್ಲಿ ಉಂಡೆದ್ದರೆ ಊಟದ ಹಣವಲ್ಲದೆ ಟಿಪ್ಸನ್ನೂ ಕೊಡಬೇಕು. ಇದು ನಮ್ಮಲ್ಲಿಯಂತೆ ಮನಸ್ಸಂತೋಷದ ಕಾಸೆಂದು ತಿಳಿಯಲಾಗದು. ಟಿಪ್ಸು ಪಡೆಯುವ ಕೆಲಸಗಾರನಿಗೆ ಯಜಮಾನನು ಕೊಡಬೇಕಾದ ಕನಿಷ್ಠ ಕೂಲಿಯನ್ನು ಅಲ್ಲಿಯ ಕೇಂದ್ರ ಕಾನೂನು ಗಂಟೆಗೆ ೨ ಡಾಲರು ೧೩ ಸೆಂಟು ಎಂದು ೧೯೯೧ರಲ್ಲಿ ಗೊತ್ತುಮಾಡಿತು. ಆಮೇಲೆ ಅದು ಏರಲಿಲ್ಲ. ಕೆಲವು ಸಂಸ್ಥಾನಗಳು ತಾವೇ ಹೆಚ್ಚು ಕೊಡಿಸುವುದುಂಟು. ಉಳಿದೆಡೆ ಬಡಿಸಿದವನ ಪಗಾರದ ದೊಡ್ಡ ಪಾಲನ್ನು ಉಂಡವನೇ ಕೊಡತಕ್ಕದ್ದು. ನಮ್ಮಲ್ಲಿ ಅನ್ನದಾತನೆಂದರೆ ಉಣಿಸಿದವನು; ಅಲ್ಲಿ ಉಂಡವನೇ ಅನ್ನದಾತನು.

ಮನೆಯ ಮುಂದಿನ ಹುಲ್ಲಿನ ವಿಚಾರವಂತೂ ಒಕ್ಕಲಿಗನಾದವನಿಗೆ ತಿಳಿಯುವಂಥದೇ ಅಲ್ಲ. ಹಣ ಕೊಟ್ಟು ಹುಲ್ಲು ಬಿತ್ತುವರು, ನೀರುಣಿಸುವರು, ಗೊಬ್ಬರ ಹಾಕುವರು. ಬೆಳೆದೊಡನೆ ಯಂತ್ರದಿಂದ ಕತ್ತರಿಸಿ ಚೀಲಕ್ಕೆ ತುಂಬಿ ಎಸೆಯುವರು. ತಿನ್ನುವುದಕ್ಕೆ ಒಂದು ಕರುವಾದರೂ ಇಲ್ಲ. ಹುಲ್ಲು ಹೆಚ್ಚು ಎತ್ತರವಾದರೆ ಕೇರಿಯ ಸಂಘವು ದಂಡ ಹಾಕುವುದೂ ಉಂಟು. ಅಂಥ ಎಷ್ಟೋ ಕೇರಿಗಳಲ್ಲಿ ಹಗ್ಗ ಕಟ್ಟಿ ಬಿಸಿಲಿಗೆ ಬಟ್ಟೆ ಹರವುವುದೂ ನಿಷಿದ್ಧ, ನೋಟ ಕೆಡುವುದಂತೆ. ಹೊರಗೆ ಸೂರ್ಯನು ಧರ್ಮಕ್ಕೆ ಉರಿಯುತ್ತಿರಲು ಒಳಗೆ ವಿದ್ಯುದ್ಯಂತ್ರದಲ್ಲಿ ಬಟ್ಟೆ ಒಣಗುವುದು. ಫ್ಲಾರಿಡಾ ಮೊದಲಾದ ಕೆಲವು ಸಂಸ್ಥಾನಗಳು, ಬಿಸಿಲಿನಲ್ಲಿ ಬಟ್ಟೆ ಒಣಗಿಸುವ ಹಕ್ಕನ್ನು ಕಾಪಾಡಲು ಕಾನೂನನ್ನೇ ಮಾಡಬೇಕಾಯಿತು. ವೈಶಾಖದಲ್ಲಿ ಬಟ್ಟೆಯ ಜೊತೆಗೆ ತಾವೂ ಒಣಗುವ ರಾಯಚೂರಿನ ಗೃಹಿಣಿಯರು ಇದನ್ನೋದಿ ನಗದಿರಲಾರರು.

ಕಾರಿಗಾಗಿ ಕಟ್ಟಿಸಿದ ಗ್ಯಾರೇಜಿನಲ್ಲಿ ಕಾರಿಗೆ ಎಡೆಯಿಲ್ಲ. ಅಲ್ಲಿ ಕೊಂಡು ಬೇಸರವಾದ ಸಾಮಾನುಗಳು ಬೀಡುಬಿಟ್ಟಿರುವುವು. ಗ್ಯಾರೇಜು ತುಂಬಿದ ಮೇಲೆ ಊರ ಹೊರಗೆ ಕೋಣೆಯನ್ನು ಬಾಡಿಗೆಗೆ ಹಿಡಿದು ಉಳಿದುದನ್ನು ಅಲ್ಲಿಡುವರು. ಸಾಲ ಮಾಡಿ ಕೊಂಡ ವಸ್ತುವಿಗೆ ಬಾಡಿಗೆಯ ಮನೆ! ನಮ್ಮ ಹಿರಿಯರು ಹಗೇವಿನಲ್ಲಿ ಜೋಳವನ್ನು ತುಂಬಿಡುತ್ತಿದ್ದುದು ಬರಗಾಲಕ್ಕಾಗಿ. ಇವರು ತುಂಬಿಡುವುದು ಮರೆಯುವುದಕ್ಕಾಗಿ.

ಇವು ನಗೆಯ ಮಾತುಗಳು. ಇನ್ನು ನಗು ಸ್ವಲ್ಪ ಕಹಿಯಾಗುವ ಸ್ಥಳಕ್ಕೆ ಬರೋಣ. ಆ ದೇಶದಲ್ಲಿ ಮನುಷ್ಯನ ಯೋಗ್ಯತೆಯನ್ನು ಅಳೆಯಲು ಕ್ರೆಡಿಟ್ ಸ್ಕೋರ್ ಎಂಬ ಅಂಕವೊಂದಿರುವುದು. ಈಗ ಬಳಕೆಯಲ್ಲಿರುವ ಪದ್ಧತಿಯು ೧೯೮೯ರಲ್ಲಿ ಬಂದುದು; ಅಂಕವು ೩೦೦ರಿಂದ ೮೫೦ರವರೆಗೆ. ಸಾಲ ಮಾಡಿ ಸಕಾಲಕ್ಕೆ ತೀರಿಸುತ್ತ ಬಂದವನಿಗೆ ಅಂಕ ಏರುವುದು. ಹುಟ್ಟಿದಾರಭ್ಯ ಯಾರ ಮುಂದೆಯೂ ಕೈಚಾಚದವನಿಗೆ ಎಷ್ಟು ಅಂಕವೆಂದು ಕೇಳುವಿರಾ? ಅವನಿಗೆ ಅಂಕವೇ ಇಲ್ಲ. ಅಂಕವಿಲ್ಲದವನಿಗೆ ಬಾಡಿಗೆಗೆ ಮನೆ ಸಿಕ್ಕುವುದೂ ಕಷ್ಟ. ಆದುದರಿಂದ ಅಲ್ಲಿಗೆ ಹೋದ ನಮ್ಮ ಹುಡುಗರು, ತಂದೆತಾಯಿಗಳು ಇಪ್ಪತ್ತು ವರ್ಷ ಕಲಿಸಿದ ನೀತಿಯನ್ನು ವಿಮಾನದಿಂದಿಳಿದ ವಾರದಲ್ಲಿಯೇ ಮರೆತು, ಬೇಕಿಲ್ಲದಿದ್ದರೂ ಸಾಲ ಮಾಡಲು ಕಲಿಯುವರು. ಸಾಲ ಮಾಡಿಯಾದರೂ ತುಪ್ಪ ತಿನ್ನಬೇಕೆಂದ ಚಾರ್ವಾಕನನ್ನು ನಮ್ಮ ಶಾಸ್ತ್ರಕಾರರು ನಾಸ್ತಿಕನೆಂದು ಹೊರಗಿಟ್ಟರು. ಅಲ್ಲಿ ಅವನಿಗೆ ಎಂಟುನೂರು ಅಂಕ ಬರುತ್ತಿದ್ದಿತು.

ಸಂಸ್ಕೃತದಲ್ಲಿ ಸಾಲ ಕೊಟ್ಟವನು ಉತ್ತಮರ್ಣ, ಪಡೆದವನು ಅಧಮರ್ಣ. ಉತ್ತಮರ್ಣನಿಗೆ ಚತುರ್ಥೀ ವಿಭಕ್ತಿಯೆಂದು ಪಾಣಿನಿಯು ಸೂತ್ರ ಮಾಡಿರುವನು. ಎಂದರೆ ದಾನ ಪಡೆಯುವವನ ವಿಭಕ್ತಿಯೇ ಸಾಲಗಾರನಿಗೆ ಗಂಟುಬಿದ್ದ ಸಾಹುಕಾರನಿಗೂ. ಅಮೆರಿಕಾದ ಉತ್ತಮರ್ಣನು ಒಂದು ವಿಭಕ್ತಿಗೆ ತೃಪ್ತನಾಗುವವನಲ್ಲ, ಏಳರಲ್ಲಿಯೂ ಇರುವನು. ಒತ್ತೆಯಿಟ್ಟ ಸಾಲಕ್ಕೆ ತಿಂಗಳಿಗೆ ಎಂಬತ್ತರಲ್ಲೊಂದು ಪಾಲು, ಅಂದರೆ ವರ್ಷಕ್ಕೆ ನೂರಕ್ಕೆ ಹದಿನೈದು ಬಡ್ಡಿಯೆಂದು ಮನುಸ್ಮೃತಿ ವಿಧಿಸಿತು. ಒಮ್ಮೆಗೆ ವಸೂಲು ಮಾಡುವ ಬಡ್ಡಿಯು ಮೂಲಧನವನ್ನು ಮೀರಬಾರದೆಂದೂ ಕಟ್ಟುಮಾಡಿತು. ಈ ಎರಡನೆಯ ನಿಯಮವೇ ದಾಮದುಪ್ಪಟ್ಟು. ಮುಂಬಯಿ ಪ್ರಾಂತದ ನ್ಯಾಯಾಲಯಗಳು ಇಂಗ್ಲಿಷರ ಕಾಲದಲ್ಲಿಯೂ ಅದನ್ನು ಮನ್ನಿಸುತ್ತಿದ್ದುವು. ಅಮೆರಿಕಾದ ಕ್ರೆಡಿಟ್ ಕಾರ್ಡಿನ ಬಡ್ಡಿಯು ೨೦೨೩ರಿಂದೀಚೆಗೆ ಸರಾಸರಿ ನೂರಕ್ಕೆ ಇಪ್ಪತ್ತನ್ನು ಮೀರಿರುವುದು. ಅದಕ್ಕೆ ದುಪ್ಪಟ್ಟಿನ ಅಂಕುಶವೂ ಇಲ್ಲ. ಕಟ್ಟೆಯ ಮೇಲಿನ ಹುಡುಗನ ನೂರೈವತ್ತು ಡಾಲರು ಈ ಮಡುವಿಗೇ ತಿಂಗಳು ತಿಂಗಳು ಇಳಿಯುತ್ತಿರುವುದು.

ರೋಗ ಬಂದರೆ ಹೇಗೆಂಬುದು ಮನೆಯಲ್ಲಿ ಉಳಿದ ತಾಯಂದಿರ ಮೊದಲನೆಯ ಚಿಂತೆ. ಆ ದೇಶದಲ್ಲಿ ೧೯೮೬ರ ಒಂದು ಕಾನೂನಿದೆ: ತುರ್ತು ಸ್ಥಿತಿಯಲ್ಲಿ ಬಂದವನನ್ನು, ಹಣವಿರಲಿ ಇಲ್ಲದಿರಲಿ, ಆಸ್ಪತ್ರೆಯು ಪರೀಕ್ಷಿಸಿ ಪ್ರಾಣಾಪಾಯದಿಂದ ಪಾರುಮಾಡಲೇಬೇಕು. ಇದು ನಿಜವಾಗಿ ಶ್ಲಾಘ್ಯವಾದ ಕಾನೂನು. ಆದರೆ ಪ್ರಾಣ ಉಳಿಸಬೇಕೆಂದು ಹೇಳಿದ ಕಾನೂನು ಪಟ್ಟಿ ಕಳುಹಿಸಬಾರದೆಂದು ಹೇಳಲಿಲ್ಲ. ಉಳಿದವನು ಮನೆಗೆ ಬಂದು ಬಾಗಿಲು ತೆರೆಯುವಷ್ಟರಲ್ಲಿ ಆಸ್ಪತ್ರೆಯ ಪಟ್ಟಿ, ವೈದ್ಯರ ಪಟ್ಟಿ, ಅಂಬ್ಯುಲೆನ್ಸಿನ ಪಟ್ಟಿ ಬೇರೆ ಬೇರೆಯಾಗಿ ಬರುವುವು. ವಿಮೆ ಇದ್ದವನೂ ಮೊದಲ ಇಷ್ಟು ಸಾವಿರವನ್ನು ತಾನೇ ಕೊಡಬೇಕು; ಆಮೇಲೆ ಪ್ರತಿಯೊಂದರಲ್ಲಿ ಇಷ್ಟು ಪಾಲು. ಹೀಗೆ ಕೈಯಿಂದ ಕೊಡುವುದಕ್ಕೆ ೨೦೨೫ರ ಸಾಲಿನಲ್ಲಿ ಕಾನೂನು ಹಾಕಿದ ಮಿತಿಯು ಒಬ್ಬನಿಗೆ ೯,೨೦೦ ಡಾಲರು. ತಿಂಗಳು ತಿಂಗಳು ಕಟ್ಟುವ ವಿಮೆಯ ಕಂತು ಇದಕ್ಕೆ ಹೊರತು. ಈಗ ಬೇಕಾದರೆ ತೊಂಬತ್ತರ ಮಗ್ಗಿಯನ್ನು ಹೇಳಬಹುದು: ಎಂಟು ಲಕ್ಷ ಇಪ್ಪತ್ತೆಂಟು ಸಾವಿರ. ಹಲ್ಲುನೋವನ್ನು ಲವಂಗದೆಣ್ಣೆಯಲ್ಲಿ ತಡೆದು, ಊರಿಗೆ ಬಂದಾಗ ರಾಯಚೂರಿನಲ್ಲಿ ಕೀಳಿಸಿಕೊಂಡು ಹೋಗುವ ಹುಡುಗರನ್ನು ಜಿಪುಣರೆಂದು ಹಳಿಯಬೇಡಿರಿ.

ಸಾಲವು ಕುತ್ತಿಗೆಗೆ ಬಂದವನಿಗೆ ಆ ದೇಶದಲ್ಲಿ ದಿವಾಳಿಯ ಶಾಸ್ತ್ರವಿದೆ. ೧೯೭೮ರಲ್ಲಿ ರಚಿತವಾದ ಅದು ಅಧ್ಯಾಯಗಳಾಗಿ ವಿಂಗಡವಾಗಿದೆ. ಜನರು ಅಧ್ಯಾಯದ ಸಂಖ್ಯೆಯಿಂದಲೇ ಅದನ್ನು ಕರೆಯುವರು. ಗೀತೆಯನ್ನು ಪಾಠ ಹೇಳಿದವನ ಕಿವಿಗೆ ಇದು ವಿಚಿತ್ರವಾಗಿ ಕೇಳುವುದು. ನಮ್ಮ ಏಳನೆಯ ಅಧ್ಯಾಯವು ಜ್ಞಾನವಿಜ್ಞಾನಯೋಗ. ಅವರ ಏಳನೆಯದರಲ್ಲಿ ಮಾರಬಹುದಾದುದನ್ನು ಮಾರಿ ಸಾಲಿಗರಿಗೆ ಹಂಚಿ, ಉಳಿದುದನ್ನು ಬಹುಮಟ್ಟಿಗೆ ಮಾಫಿ ಮಾಡುವರು. ಜ್ಞಾನವು ಅಲ್ಲಿಯೂ ಉದಯಿಸುವುದು, ತಡವಾಗಿ. ನಮ್ಮ ಹದಿಮೂರನೆಯದು ಕ್ಷೇತ್ರಕ್ಷೇತ್ರಜ್ಞವಿಭಾಗಯೋಗ. ಅವರ ಹದಿಮೂರನೆಯದರಲ್ಲಿ ಪಗಾರವುಳ್ಳವನು ಮೂರರಿಂದ ಐದು ವರ್ಷಗಳ ಕಂತು ಕಟ್ಟಿ ತನ್ನ ಮನೆಯನ್ನು, ಎಂದರೆ ಕ್ಷೇತ್ರವನ್ನು, ಉಳಿಸಿಕೊಳ್ಳಬಹುದು. ಇನ್ನು ಹನ್ನೊಂದನೆಯದು ಬಹುಮಟ್ಟಿಗೆ ದೊಡ್ಡ ಕಂಪೆನಿಗಳಿಗೆ. ೨೦೦೮ರ ಸಪ್ಟಂಬರ್ ೧೫ರಂದು ಲೇಮನ್ ಬ್ರದರ್ಸ್ ಎಂಬ ಮಹಾಸಂಸ್ಥೆಯು ಆ ಅಧ್ಯಾಯವನ್ನು ಆಶ್ರಯಿಸಿದಾಗ ಅದರ ಸಾಲವು ಆರುನೂರು ಶತಕೋಟಿ ಡಾಲರುಗಳಿಗೂ ಮಿಕ್ಕಿದ್ದಿತು. ಸಾಲ ಕೊಟ್ಟವರು ಅಂದು ಕಂಡುದು ವಿಶ್ವರೂಪದರ್ಶನವೇ ಸರಿ. ಆ ತೆರೆದ ಬಾಯಿಯೊಳಗೆ ಎಷ್ಟೋ ಸಂಸಾರಗಳ ಉಳಿತಾಯವು ಪ್ರವೇಶಿಸುತ್ತಿದ್ದಿತು.

ಈ ಕಷ್ಟವು ಪರದೇಶಿಗಳಿಗೆ ಮಾತ್ರವೆಂದು ತಿಳಿಯಬಾರದು. ಅಮೆರಿಕಾದ ವಿನೋದ ಲೇಖಕರಲ್ಲಿ ಅಗ್ರಗಣ್ಯನಾದ ಮಾರ್ಕ್ ಟ್ವೇನನು ಅಕ್ಷರ ಜೋಡಿಸುವ ಯಂತ್ರವೊಂದರಲ್ಲಿ ಹಣ ಸುರಿದು ಕಳೆದುಕೊಂಡನು. ೧೮೯೪ರಲ್ಲಿ ಅವನ ಪ್ರಕಾಶನ ಸಂಸ್ಥೆಯೂ ದಿವಾಳಿಯಾಯಿತು. ಸಾಲಿಗರಿಗೆ ಪೈಸೆ ಪೈಸೆಯನ್ನೂ ಸಲ್ಲಿಸುವೆನೆಂದು ಪಣತೊಟ್ಟು, ಅರುವತ್ತರ ಸಮೀಪದ ವಯಸ್ಸಿನಲ್ಲಿ ಲೋಕವನ್ನು ಸುತ್ತಿ ಭಾಷಣ ಮಾಡುತ್ತ ಹೊರಟನು. ೧೮೯೬ರ ಜನವರಿಯಲ್ಲಿ ಮುಂಬಯಿಯಲ್ಲಿಳಿದು, ಕಾಶಿ, ಕಲ್ಕತ್ತೆ, ಲಾಹೋರುಗಳವರೆಗೆ ಸಂಚರಿಸಿ ಜನರನ್ನು ನಗಿಸಿ ಹಣ ಕೂಡಿಸಿದನು. ೧೮೯೮ರ ಹೊತ್ತಿಗೆ ಋಣಮುಕ್ತನಾದನು. ಸಾಲ ತೀರಿಸಲು ನಮ್ಮವರು ಅಮೆರಿಕಾಕ್ಕೆ ಹೋಗುವಂತೆ, ಒಬ್ಬ ಅಮೆರಿಕನು ಸಾಲ ತೀರಿಸಲು ನಮ್ಮ ದೇಶಕ್ಕೆ ಗುಳೆ ಬಂದಿದ್ದನು!

“ಇಷ್ಟು ದೂಷಿಸುವ ನೀವು ಅಲ್ಲಿಯ ಗುಣಗಳನ್ನು ಕಾಣಿರೇನು?” ಎಂದು ಕೆಲವರು ಆಕ್ಷೇಪಿಸಬಹುದು. ಕಾಣದೆ ಏನು? ಬಾಲ್ಯದಲ್ಲಿ ಶಾಲೆಯ ಪಡಸಾಲೆಯಲ್ಲಿ ಅಮೆರಿಕಾದಿಂದ ಬಂದ ಹಳದಿ ನುಚ್ಚಿನ ಕೇರ್ ಉಪ್ಪಿಟ್ಟನ್ನು ಉಂಡ ತಲೆಮಾರು ನನ್ನದು. ಉಂಡ ಮನೆಯ ಜಂತೆ ಎಣಿಸಲಾರೆನು. ಸೋತವನಿಗೆ ಮತ್ತೊಮ್ಮೆ ಎದ್ದುನಿಲ್ಲಲು ಕಾನೂನಿನಲ್ಲಿ ಎಡೆಯುಂಟು. ಊರೂರಿಗೆ ಪುಕ್ಕಟೆಯಾಗಿ ಓದಲು ಗ್ರಂಥಾಲಯಗಳುಂಟು. ನಮ್ಮವರು ಅಲ್ಲಿ ಕನ್ನಡ ಕೂಟಗಳನ್ನು ಕಟ್ಟಿ, ೧೯೯೮ರಲ್ಲಿ ‘ಅಕ್ಕ’ ಎಂಬ ಒಕ್ಕೂಟವನ್ನೂ ಸ್ಥಾಪಿಸಿ, ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುತ್ತಿರುವರು. ದುಡಿದು, ಉಳಿಸಿ, ಹೊಲ ಬಿಡಿಸಿದವರೂ, ಊರಿನ ಶಾಲೆಗೆ ಕೋಣೆ ಕಟ್ಟಿಸಿದವರೂ ಇಲ್ಲದಿಲ್ಲ. ಅಸಂಬದ್ಧತೆಯು ಅವರ ಸ್ವತ್ತೂ ಅಲ್ಲ: ಮೂರು ದಿನದ ಮದುವೆಗೆ ಮೂವತ್ತು ವರ್ಷದ ಸಾಲ ಮಾಡುವ ನಾವು ಅವರ ಗ್ಯಾರೇಜನ್ನು ನೋಡಿ ನಗುವಾಗ ಒಮ್ಮೆ ಅಟ್ಟದ ಕಡೆಗೂ ನೋಡುವುದು ಒಳ್ಳೆಯದು.

ನನ್ನ ಜಗಳವು ಅಮೆರಿಕಾದೊಡನೆ ಅಲ್ಲ, ನಮ್ಮ ಮಗ್ಗಿಯೊಡನೆ. ಈ ಮಗ್ಗಿಯಿಂದ ಆಗುವ ಹಾನಿಯು ಲೆಕ್ಕದ್ದಷ್ಟೇ ಅಲ್ಲ. ಅಣ್ಣನು ಅಮೆರಿಕಾದಲ್ಲಿರುವನೆಂದು ಕೇಳಿದೊಡನೆ ತಂಗಿಯ ಮದುವೆಯಲ್ಲಿ ಬೀಗರ ಬೇಡಿಕೆಯು ತಾನಾಗಿಯೇ ಏರುವುದು. ಅವರೂ ಅದೇ ಮಗ್ಗಿಯನ್ನು ಕಲಿತವರಲ್ಲವೆ? ತಂದೆಯು ಮಾನಕ್ಕೆ ಅಂಜಿ ಒಪ್ಪುವನು. ಮಗನು ತಂದೆಗೆ ಅಂಜಿ ಹೂಂ ಎನ್ನುವನು. ಕಾರ್ಡಿನ ಸಾಲವು ಇನ್ನೊಂದು ಮೆಟ್ಟಲು ಇಳಿಯುವುದು. ಕೆಲಸ ಹೋದರೆ ಅರುವತ್ತು ದಿನಗಳೊಳಗಾಗಿ ಬೇರೆ ಕೆಲಸ ಹಿಡಿಯಬೇಕು, ಇಲ್ಲವೆ ದೇಶ ಬಿಡಬೇಕೆಂಬುದು ಎಚ್-೧ಬಿ ವೀಸಾದ ನಿಯಮ. ಅಂಥವನು ಫೋನಿನಲ್ಲಿ “ಚೆನ್ನಾಗಿದ್ದೇನಮ್ಮಾ” ಎನ್ನುತ್ತ ಒಳಗೆ ದಿನವನ್ನೆಣಿಸುತ್ತಿರಬಹುದು. ಹೊಸದಾಗಿ ಕಳುಹಿಸಬೇಕೆನ್ನುವವರು ಇನ್ನೊಂದನ್ನು ಗಮನಿಸತಕ್ಕದ್ದು: ದೇಶದ ಹೊರಗಿರುವವರಿಗಾಗಿ ಯಜಮಾನರು ಸಲ್ಲಿಸುವ ಹೊಸ ಎಚ್-೧ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರಿನ ಶುಲ್ಕವನ್ನು ಅಲ್ಲಿಯ ಅಧ್ಯಕ್ಷರು ೨೦೨೫ರ ಸಪ್ಟಂಬರಿನಲ್ಲಿ ಘೋಷಿಸಿದರು. ಕಾಲುವೆಯ ಹೊಲ ಸ್ಥಿರ, ಅಲ್ಲಿಯ ನಿಯಮ ಚರ. ಸ್ಥಿರವನ್ನು ಒತ್ತೆಯಿಟ್ಟು ಚರದ ಬೆನ್ನು ಹತ್ತುವ ಮುನ್ನ, ಹಿಂದಿರುಗಿ ಬರಬೇಕಾದರೆ ಸಾಲವನ್ನು ಊರಿನ ದುಡಿಮೆಯಿಂದ ತೀರಿಸಬಲ್ಲೆವೇ ಎಂದು ಮನೆಮಂದಿಯೆಲ್ಲ ಕುಳಿತು ಲೆಕ್ಕ ಹಾಕುವುದು ವಿವೇಕ. ಹಾಗೆ ತೀರಿಸಬಹುದಾದಷ್ಟೇ ಸಾಲ ಮಾಡಿ ಕಳುಹಿಸಿದರೆ ಹುಡುಗನಿಗೆ ಹಿಂದಿರುಗುವ ದಾರಿಯಾದರೂ ತೆರೆದಿರುವುದು.

ಲಿಂಗಸೂಗೂರು ಸೀಮೆಯ ಅಮರೇಶ್ವರದಿಂದ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳು ನಮ್ಮವರೇ. ಅದೂ ಒಂದು ಬಗೆಯ ಗುಳೆಯೇ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು 평ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ನಮಗೆ ಬೇಕಾದುದಕ್ಕಿಂತ ಇದು ಹೆಚ್ಚಾಯಿತು, ಇದ್ದಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮನು ಹಿಂದಕ್ಕೆ ಕಳುಹಿಸಿದಳಂತೆ. ಆಕೆಯು ಗಂಡನ ದುಡಿಮೆಯನ್ನು ಯಾವ ಮಗ್ಗಿಯಿಂದಲೂ ಗುಣಿಸಲಿಲ್ಲ. ಒಲೆಯ ಮೇಲಿನ ಗಡಿಗೆಯಿಂದ ಅಳೆದಳು. ಅಷ್ಟು ವೈರಾಗ್ಯ ನಮಗೆ ಬಾರದು. ಬಂದ ಡಾಲರನ್ನು ಹಿಂದಕ್ಕೆ ಕಳುಹಿಸಿರೆಂದು ನಾನು ಹೇಳುವವನೂ ಅಲ್ಲ. ಆದರೆ ಆ ಅಳತೆಯನ್ನು ಕಲಿಯಬಹುದು.

ಗಣಿತದಲ್ಲಿ ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಎಂಬುದು ಪಾಠದ ಕ್ರಮ. ಕಳೆಯುವುದನ್ನು ಕಲಿಯದವನಿಗೆ ಗುಣಿಸುವುದನ್ನು ಯಾವ ಮಾಸ್ತರನೂ ಹೇಳಿಕೊಡುವುದಿಲ್ಲ. ಪರದೇಶದಲ್ಲಿರುವ ಮಗನ ಪಗಾರಕ್ಕೂ ಅದೇ ಕ್ರಮ: ಮೊದಲು ಅವನ ಖರ್ಚನ್ನು ಕಳೆಯಿರಿ, ಉಳಿದುದೇನಾದರೂ ಇದ್ದರೆ ಆಮೇಲೆ ಬೇಕಾದಷ್ಟು ಗುಣಿಸಿರಿ. ಮುಂದಿನ ಭಾನುವಾರ ಫೋನು ಬಂದಾಗ, ಪಗಾರ ಏರಿತೇ ಎಂಬ ಪ್ರಶ್ನೆಯನ್ನು ಒಂದು ಬಾರಿ ಬದಿಗಿಟ್ಟು, “ಕೈಗೆ ಸಾಲುತ್ತದೆಯೇನಪ್ಪಾ? ಹಲ್ಲುನೋವು ಹೇಗಿದೆ?” ಎಂದು ಕೇಳಿ ನೋಡಿರಿ. ಉತ್ತರ ಬರಲು ಸ್ವಲ್ಪ ತಡವಾದೀತು. ಅವಸರಿಸದೆ ಕಾದು ಕೇಳತಕ್ಕದ್ದು. ಅಸ್ತು.